ಬೇಬಿ ಸಿಟ್ಟಿಂಗ್ ಮನೆಗಳಿಗೊಂದು ನಿಯಮ ಬೇಕು: ದಾವಣಗೆರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ,
ದಾವಣಗೆರೆ.

ವಿಷಯ: ವಸತಿ ಬಡಾವಣೆಗಳ ಮನೆಗಳಲ್ಲಿ ಚಿಕ್ಕ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವವರನ್ನು ನೋಂದಾಯಿಸಿ, ಮಕ್ಕಳ ಸುರಕ್ಷತೆಗೆ ತಕ್ಕ ನಿಯಮ ರೂಪಿಸುವ ಬಗ್ಗೆ.

ಮಾನ್ಯರೇ,

ನಾನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ದಾವಣಗೆರೆ, ಹರಿಹರ, ಹೊನ್ನಾಳಿ ಸೀಮೆಯ ಕೇಂದ್ರಗಳನ್ನು ಬಸ್ಸಿನಲ್ಲೂ ಕಾಲ್ನಡಿಗೆಯಲ್ಲೂ ಸುತ್ತಿದ್ದೇನೆ. ಮಗುವನ್ನು ತಕ್ಕಡಿಗೆ ಹಾಕಿ ತೂಗುವುದರಿಂದ ಹಿಡಿದು ಬೇಳೆ ಚೀಲದ ಲೆಕ್ಕದವರೆಗೆ, ಮಕ್ಕಳಿರುವ ಜಾಗವನ್ನು ಕಣ್ಣಿಟ್ಟು ನೋಡುವುದೇ ನನ್ನ ಉದ್ಯೋಗವಾಗಿತ್ತು. ಈಗ ವಿದ್ಯಾನಗರದ ಕಡೆಯ ಬಡಾವಣೆಯೊಂದರಲ್ಲಿ ಮಗಳ ಸಂಸಾರದ ಜೊತೆಗಿದ್ದೇನೆ. ಈ ಪತ್ರ ಅಂಗನವಾಡಿಗಳ ಬಗ್ಗೆ ಅಲ್ಲ. ನಮ್ಮ ಬಡಾವಣೆಗಳ ಮನೆಗಳೊಳಗೆ, ಹೆಚ್ಚಿನ ಕಡೆ ಒಂದು ಬೋರ್ಡೂ ಇಲ್ಲದೆ, ದುಡಿಯಲು ಹೋಗುವ ತಾಯಂದಿರ ಕೂಸುಗಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುವ ಹೆಂಗಸರ ಬಗ್ಗೆ ಬರೆಯುತ್ತಿದ್ದೇನೆ. ಊರಿನವರು ಆ ಮನೆಗಳನ್ನು ‘ಬೇಬಿ ಸಿಟ್ಟಿಂಗ್’ ಎನ್ನುತ್ತಾರೆ. ಅವುಗಳ ವಿಳಾಸ ಯಾವ ಕಡತದಲ್ಲೂ ಇರುವುದಿಲ್ಲ. ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಯ ಮೊಬೈಲಿಗೆ ಹೋಗುತ್ತದೆ, ಅಷ್ಟೆ.

ಈ ಮನೆಗಳನ್ನು ಮುಚ್ಚಿಸಬೇಡಿ, ಹಾಗೆಂದು ಕಂಡೂ ಕಾಣದಂತೆ ಬಿಡಲೂ ಬೇಡಿ ಎಂಬುದು ನನ್ನ ಕೋರಿಕೆ. ಅಂಗಡಿಗೆ ಕೊಡುವ ಪರವಾನಗಿಯ ಅಳತೆಯಲ್ಲಿ ಅಳೆಯದೆ, ಮಗುವಿನ ಅಳತೆಯಲ್ಲಿ ಬರೆದ ಒಂದು ಚಿಕ್ಕ ನಿಯಮವನ್ನು ಪಾಲಿಕೆ ತರಬೇಕು. ಹಾಗೇಕೆ ಕೇಳುತ್ತಿದ್ದೇನೆ ಎಂಬುದನ್ನು ನಾನು ಕಂಡ ಎರಡು ಮನೆಗಳ ಮೂಲಕವೇ ಹೇಳಬೇಕಾಗಿದೆ.

ನನ್ನ ಮಗಳು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಅಳಿಯ ಹರಿಹರದ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ನಮ್ಮ ಯಜಮಾನರು ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಅವರನ್ನು ಎತ್ತಿ ಕೂರಿಸಿ ಉಣ್ಣಿಸುವ ಹೊತ್ತಿನಲ್ಲೇ ತೆವಳುವ ಮಗುವಿನ ಹಿಂದೆ ಓಡುವುದು ನನ್ನಿಂದ ಆಗದ ಮಾತು. ‘ಮನೆಯಲ್ಲಿ ಅಜ್ಜಿ ಇದ್ದಾರಲ್ಲ’ ಎಂದು ಕೇಳುವವರು ಬಹಳ ಜನ ಇರುವುದರಿಂದ ಇಷ್ಟನ್ನು ಹೇಳಬೇಕಾಯಿತು. ಮೊಮ್ಮಗಳಿಗೆ ಏಳು ತಿಂಗಳು ತುಂಬಿದಾಗ ಅವಳನ್ನು ಹಿಂದಿನ ರಸ್ತೆಯ ಒಂದು ಮನೆಗೆ ಬಿಡತೊಡಗಿದೆವು.

ಅದು ನೆಲ ಅಂತಸ್ತಿನ ಬಾಡಿಗೆ ಮನೆ. ಗಂಡ ತೀರಿಕೊಂಡ ಮೇಲೆ ಆಕೆ ಈ ಕೆಲಸ ಹಿಡಿದಿದ್ದರು. ಜೊತೆಗೆ ಅವರ ಅತ್ತೆ ಇದ್ದರು. ಇದ್ದದ್ದು ಆರೇ ಮಕ್ಕಳು. ಏಳನೆಯ ಮಗುವನ್ನು ಕರೆತಂದ ತಾಯಿಗೆ ಆಕೆ, ‘ಆಗಲ್ಲ ತಂಗಿ, ಒಂದು ಕೂಸಿಗೆ ಉಣಿಸಾಕ ಕುಂತ್ರೆ ಇನ್ನೊಂದು ಬಾಗ್ಲಿಗೆ ಹೋಗಿರ್ತತಿ’ ಎಂದು ಹೇಳಿ ಕಳಿಸಿದ್ದನ್ನು ನಾನೇ ಅಲ್ಲಿ ನಿಂತು ಕೇಳಿದ್ದೇನೆ. ತಿಂಗಳಿಗೆ ಬರುವ ಒಂದು ಮಗುವಿನ ಹಣ ಆ ಮನೆಗೆ ಎಷ್ಟು ದೊಡ್ಡದೆಂದು ಬಲ್ಲವಳಾದ್ದರಿಂದ ಆ ಮಾತಿನ ತೂಕ ನನಗೆ ಗೊತ್ತಾಯಿತು. ಪೋರ್ಟಿಕೊದಲ್ಲಿದ್ದ ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ದೇವರ ಗೂಡಿನಲ್ಲಿ ಇಡುತ್ತಿದ್ದರು. ಬಚ್ಚಲಲ್ಲಿ ಒಂದು ಬಕೆಟ್ಟಿನಲ್ಲೂ ನೀರು ನಿಲ್ಲಲು ಬಿಡುತ್ತಿರಲಿಲ್ಲ.

ಆಕೆಯ ಬಳಿ ಒಂದು ಪುಸ್ತಕವಿತ್ತು. ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್. ದಿನಕ್ಕೊಂದು ಪುಟ. ಎಡಗಡೆ ಮಗುವಿನ ಹೆಸರು, ಬಿಟ್ಟ ಹೊತ್ತು, ಬಿಟ್ಟವರ ಸಹಿ; ಬಲಗಡೆ ಕರೆದೊಯ್ದ ಹೊತ್ತು, ಕರೆದೊಯ್ದವರ ಸಹಿ. ಕೆಳಗೆ ದುಂಡು ಅಕ್ಷರದಲ್ಲಿ ಹೀಗೆ ಬರೆದಿರುತ್ತಿತ್ತು: ‘ರಾಗಿ ಸರಿ ಅರ್ಧ ಬಟ್ಟಲು. 11.40ರಿಂದ 1.15ರವರೆಗೆ ನಿದ್ದೆ. ಎರಡು ಸಲ ಭೇದಿ. ಓಆರ್‌ಎಸ್ ಕುಡಿಸಿದೆ, ತಾಯಿಗೆ ಫೋನ್ ಮಾಡಿದೆ.’ ಸರ್ಕಾರಿ ಆದೇಶದಂತೆ ಬರೆದ ರಿಜಿಸ್ಟರುಗಳನ್ನು ನಾನು ಸಾವಿರಗಟ್ಟಲೆ ತಿರುವಿ ಸಹಿ ಹಾಕಿದ್ದೇನೆ. ಯಾರೂ ಕೇಳದಿದ್ದರೂ ದಿನವೂ ಬರೆದಿಟ್ಟ ಪುಸ್ತಕವನ್ನು ಕಂಡದ್ದು ಅದೊಂದೇ.

ಆ ಮನೆ ಹದಿನಾಲ್ಕು ತಿಂಗಳು ನಡೆದು ನಿಂತುಹೋಯಿತು. ಪಕ್ಕದ ಮನೆಯವರು ಆಕ್ಷೇಪ ಎತ್ತಿದರು. ಬೆಳಗ್ಗೆ ಎಂಟೂವರೆಗೆ ಗೇಟಿನ ಮುಂದೆ ನಾಲ್ಕೈದು ದ್ವಿಚಕ್ರ ವಾಹನಗಳು ನಿಲ್ಲುತ್ತವೆ, ಮಧ್ಯಾಹ್ನ ಮಕ್ಕಳು ಅಳುತ್ತವೆ, ವಾಸದ ಬಡಾವಣೆಯಲ್ಲಿ ವ್ಯಾಪಾರ ಮಾಡಲು ಇವರಿಗೆ ಅಪ್ಪಣೆ ಕೊಟ್ಟವರು ಯಾರು ಎಂಬುದು ಅವರ ಮಾತು. ದೂರು ಕೊಡುತ್ತೇವೆ ಎಂದರು. ಮನೆಯ ಮಾಲೀಕರಿಗೆ ಹೆದರಿಕೆಯಾಯಿತು. ಮನೆಯನ್ನು ವಾಣಿಜ್ಯ ಕಟ್ಟಡವೆಂದು ಬರೆದುಕೊಂಡು ತೆರಿಗೆ ಏರಿಸಿಬಿಟ್ಟರೆ ಎಂದು ಯೋಚಿಸಿ ಒಂದು ತಿಂಗಳಲ್ಲಿ ಖಾಲಿ ಮಾಡಲು ಹೇಳಿದರು. ಯಾವ ಅಧಿಕಾರಿಯೂ ಬಂದು ನೋಡಲಿಲ್ಲ, ಯಾವ ನೋಟಿಸೂ ಬರಲಿಲ್ಲ. ನೋಟಿಸು ಬರಬಹುದೆಂಬ ಅಂಜಿಕೆಯೇ ಆ ಬಾಗಿಲನ್ನು ಹಾಕಿಸಿತು. ಆಕ್ಷೇಪ ಎತ್ತಿದವರು ಕೆಟ್ಟವರೆಂದು ನಾನು ಹೇಳಲಾರೆ. ಅವರ ಮನೆಯಲ್ಲೂ ಮಧ್ಯಾಹ್ನದ ನಿದ್ದೆ ಬೇಕಾದ ವಯಸ್ಸಾದವರಿದ್ದಾರೆ.

ಬೇರೆ ಕಡೆ ಹುಡುಕುತ್ತಾ ಮೂರು ವಾರದಲ್ಲಿ ಹನ್ನೊಂದು ಮನೆ ನೋಡಿದೆ. ಕೆಲವು ಚೆನ್ನಾಗಿದ್ದವು, ಆದರೆ ಜಾಗವಿರಲಿಲ್ಲ. ಒಂದು ಮನೆಯ ಬಗ್ಗೆ ಮಾತ್ರ ತಮಗೆ ಹೇಳಬೇಕು. ಎತ್ತರದ ಕಾಂಪೌಂಡು, ಮುಚ್ಚಿದ ಗೇಟು. ಹೊರಗೆ ನಿಂತರೆ ಒಳಗೆ ಮಕ್ಕಳಿದ್ದಾರೆಂದು ಗೊತ್ತೇ ಆಗುವುದಿಲ್ಲ. ಒಳಗೆ ಒಂದು ಹಾಲ್, ಒಂದು ಕೋಣೆ. ಎಣಿಸಿದೆ, ಇಪ್ಪತ್ತೆರಡು ಮಕ್ಕಳು. ನೋಡಿಕೊಳ್ಳುವವರು ಒಬ್ಬ ಹೆಂಗಸು ಮತ್ತು ಶಾಲೆಯಲ್ಲಿರಬೇಕಾದ ವಯಸ್ಸಿನ ಒಬ್ಬ ಹುಡುಗಿ. ಟಿ.ವಿ. ಓಡುತ್ತಿತ್ತು. ಹಿತ್ತಲಿನ ಸಂಪಿನ ಮೇಲೆ ಮುಚ್ಚಳದ ಬದಲು ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಒಂದು ಇಟ್ಟಿಗೆ. ಬೆಳಗಿನ ಹನ್ನೊಂದು ಗಂಟೆಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮಲಗಿದ್ದರು. ಅಷ್ಟು ಮಕ್ಕಳು ಒಂದೇ ಹೊತ್ತಿಗೆ, ಅದೂ ಆ ಹೊತ್ತಿನಲ್ಲಿ ಮಲಗುವುದನ್ನು ನನ್ನ ಸೇವೆಯ ಅವಧಿಯಲ್ಲಿ ನಾನು ಕಂಡಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೆಮ್ಮಿನ ಸಿರಪ್ಪಿನ ಬಾಟಲಿ ಇತ್ತು. ಅದನ್ನು ಯಾರಿಗಾದರೂ ಕುಡಿಸಿದ್ದನ್ನು ನಾನು ನೋಡಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನಾನು ಕಂಡದ್ದನ್ನು ತಿಳಿಸಬೇಕಾದ ಕಡೆ ತಿಳಿಸಿದ್ದೇನೆ.

ಮಾನ್ಯರೇ, ಈ ಎರಡನೆಯ ಮನೆಯ ಮೇಲೆ ಅಕ್ಕಪಕ್ಕದವರ ಆಕ್ಷೇಪ ಒಂದೂ ಇಲ್ಲ. ಅಲ್ಲಿ ಗದ್ದಲವೇ ಇಲ್ಲವಲ್ಲ. ಮಗುವನ್ನು ಅಂಗಳದಲ್ಲಿ ಆಡಲು ಬಿಟ್ಟ, ಅತ್ತ ಮಗುವನ್ನು ಎತ್ತಿಕೊಂಡು ಗೇಟಿನ ತನಕ ಬಂದು ಸಮಾಧಾನ ಮಾಡಿದ ಮನೆ ಬೀದಿಯವರ ಕಣ್ಣಿಗೆ ಬಿತ್ತು, ಬಾಗಿಲು ಹಾಕಿತು. ಮಕ್ಕಳನ್ನು ಸದ್ದಿಲ್ಲದೆ ಇಟ್ಟ ಮನೆ ಉಳಿಯಿತು. ಸ್ಪಷ್ಟ ನಿಯಮವಿಲ್ಲದ ಕಡೆ ನೆರೆಯವರ ದೂರೇ ನಿಯಮವಾಗುತ್ತದೆ. ದೂರು ಕೇಳಿಸಿಕೊಳ್ಳುವುದು ಸದ್ದನ್ನು, ಸಂಪಿನ ಮುಚ್ಚಳವನ್ನಲ್ಲ. ಹಾಗಾಗಿ ಮಕ್ಕಳಿಗೆ ಒಳ್ಳೆಯದಾದ ಮನೆಗಳೇ ಮೊದಲು ಮುಚ್ಚುತ್ತವೆ. ತಮ್ಮ ಗಮನವನ್ನು ನಾನು ಮುಖ್ಯವಾಗಿ ಸೆಳೆಯಬೇಕೆಂದಿರುವುದು ಇದರ ಕಡೆಗೆ.

ಈ ಮನೆಗಳು ಏಕೆ ಹುಟ್ಟಿಕೊಂಡವು ಎಂಬುದಕ್ಕೆ ಸರ್ಕಾರದ ಲೆಕ್ಕವೇ ಉತ್ತರ ಕೊಡುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು; ಅಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಮಗು ಬಂದು ಕೂರುವುದು ಮೂರು ವರ್ಷ ತುಂಬಿದ ಮೇಲೆ; ಅದಕ್ಕಿಂತ ಚಿಕ್ಕ ಮಕ್ಕಳಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ಮಗು ಕೇಂದ್ರಕ್ಕೆ ಬರುವುದಿಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗಿನ ಈ ಮೂವತ್ತು ತಿಂಗಳು, ತಾಯಿ ದುಡಿಯಲು ಹೋದರೆ ಮಗು ಎಲ್ಲಿರಬೇಕು? ರಜೆಯಾದರೂ ಎಲ್ಲರಿಗೂ ಇಲ್ಲ. ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಗೆ, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳಿಗೆ ಆ 26 ವಾರ ಎಂಬುದು ಪತ್ರಿಕೆಯಲ್ಲಿ ಓದುವ ಮಾತು. ಅವರಿಗೆ ಆ ಮೂವತ್ತು ತಿಂಗಳು ಬಾಣಂತನ ಮುಗಿದ ಮರುದಿನವೇ ಶುರುವಾಗುತ್ತದೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿತ್ತು ಎಂದೇನಲ್ಲ. 1948ರ ಕಾರ್ಖಾನೆಗಳ ಕಾಯ್ದೆ, ನಂತರದ ತಿದ್ದುಪಡಿಯಂತೆ, 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 2017ರ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದನ್ನೇ ಹೇಳಿತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದೆಂದೂ ಹೇಳಿತು. ಈ ಎಲ್ಲವೂ ದುಡಿಯುವ ಜಾಗಕ್ಕೆ ಕಟ್ಟಿದ ಕಾನೂನುಗಳು. ಹತ್ತಿ ಗಿರಣಿಗಳ ಕಾಲದ ದಾವಣಗೆರೆಯಲ್ಲಿ ಒಂದೇ ಸೂರಿನಡಿ ನೂರಾರು ಜನ ದುಡಿಯುತ್ತಿದ್ದರು. ಗಿರಣಿಗಳು ಹೋದವು. ಈಗ ನಮ್ಮ ಹೆಣ್ಣುಮಕ್ಕಳು ದುಡಿಯುವುದು ಎಂಟು ಜನರಿರುವ ಲ್ಯಾಬಿನಲ್ಲಿ, ಹನ್ನೆರಡು ಜನರಿರುವ ನರ್ಸಿಂಗ್ ಹೋಮಿನಲ್ಲಿ, ಅಶೋಕ ರಸ್ತೆಯ ಅಂಗಡಿಗಳಲ್ಲಿ, ಖಾಸಗಿ ಶಾಲೆಗಳಲ್ಲಿ. ಅಲ್ಲಿಗೆ 50ರ ಲೆಕ್ಕ ಮುಟ್ಟುವುದೇ ಇಲ್ಲ.

ಹಳ್ಳಿಗಳಿಗೆ ಒಂದು ದಾರಿ ತೆರೆಯಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಕಾರ್ಯಕ್ರಮ ಕೈಗೊಂಡಿತು. ಹೆಸರೂ ಚೆಂದ, ಉದ್ದೇಶವೂ ಚೆಂದ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ಮೂವತ್ತು ಸಾವಿರ ದಾಟಿದ್ದ ನಮ್ಮ ಊರಿನ ಬಡಾವಣೆಗಳಿಗೆ ಅಂಥದ್ದು ಬರುವವರೆಗೆ, ಬಾಡಿಗೆ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಕೂತ ಈ ಹೆಂಗಸರೇ ನಮ್ಮ ಕೂಸಿನ ಮನೆಗಳು.

ಹಾಗಿದ್ದರೆ ಅವರು ಮುಂದೆ ಬಂದು ಪಾಲಿಕೆಯಲ್ಲಿ ಏಕೆ ಹೆಸರು ಬರೆಸುವುದಿಲ್ಲ ಎಂದು ಯಾರಾದರೂ ಕೇಳಬಹುದು. ನಾನು ಆ ಹನ್ನೊಂದು ಮನೆಗಳಲ್ಲೂ ಇದನ್ನೇ ಕೇಳಿದೆ. ಉತ್ತರ ಹೆಚ್ಚುಕಡಿಮೆ ಒಂದೇ. ಬರೆಸಿದರೆ ಉದ್ದಿಮೆ ಪರವಾನಗಿ ತೆಗೆಸಬೇಕು ಎನ್ನುತ್ತಾರೇನೋ, ಆಸ್ತಿ ತೆರಿಗೆ ವಾಣಿಜ್ಯ ದರಕ್ಕೆ ಹೋಗುತ್ತದೇನೋ, ಕರೆಂಟಿನ ಮೀಟರು ಗೃಹಬಳಕೆಯಿಂದ ವಾಣಿಜ್ಯಕ್ಕೆ ಬದಲಾಗುತ್ತದೇನೋ ಎಂಬ ಭಯ. ಮೀಟರು ಬದಲಾದರೆ ಗೃಹಜ್ಯೋತಿಯೂ ಹೋಗುತ್ತದೆ, ಏಕೆಂದರೆ ಅದು ಮನೆಬಳಕೆಯ ಸಂಪರ್ಕಕ್ಕೆ ಮಾತ್ರ. ಬಾಡಿಗೆ ಮನೆಯಾದರೆ ಇವೆಲ್ಲಕ್ಕೂ ಮೊದಲು ಮಾಲೀಕರು ಬಾಗಿಲು ತೋರಿಸುತ್ತಾರೆ. ಐದಾರು ಮಕ್ಕಳಿಂದ ಬರುವ ಹಣದಲ್ಲಿ ಬಾಡಿಗೆ, ಹಾಲು, ಗ್ಯಾಸು ಕಳೆದು ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿದರೆ, ಆಕೆ ಅಡಗಿಕೊಳ್ಳುವುದೇ ಸಹಜ ಎನಿಸುತ್ತದೆ. ಅಡಗಿದ ಮನೆಯಲ್ಲಿ ಮಗುವಿಗೆ ಏನಾದರೂ ಆದರೆ ಅದನ್ನೂ ಅಡಗಿಸುವ ಮನಸ್ಸು ಬರುತ್ತದೆ. ನನಗೆ ಹೆಚ್ಚು ಭಯ ತರುವುದು ಇದೇ.

ಆದ್ದರಿಂದ ನಿಯಮದ ಮೊದಲ ಸಾಲು ಈ ಭಯವನ್ನು ತೆಗೆಯುವಂತಿರಬೇಕು. ನೋಡಿಕೊಳ್ಳುವವರ ಸ್ವಂತ ಚಿಕ್ಕ ಮಕ್ಕಳೂ ಸೇರಿ ಒಂದು ಹೊತ್ತಿಗೆ ಆರು ಮಕ್ಕಳವರೆಗೆ ಇರುವ ಮನೆಯನ್ನು ಪಾಲಿಕೆ ಮನೆಯೆಂದೇ ಪರಿಗಣಿಸಲಿ. ಅದಕ್ಕೆ ಉದ್ದಿಮೆ ಪರವಾನಗಿ ಬೇಡ, ಆಸ್ತಿ ತೆರಿಗೆ ವಸತಿ ದರದಲ್ಲೇ ಇರಲಿ, ವಾರ್ಡಿನ ಕಚೇರಿಯಲ್ಲಿ ಒಂದು ಪುಟದ ನೋಂದಣಿ ಸಾಕು. ವಿದ್ಯುತ್ ದರ ಪಾಲಿಕೆಯ ಕೈಯಲ್ಲಿಲ್ಲ ನಿಜ. ಆದರೆ ಹೀಗೆ ನೋಂದಾಯಿಸಿದ ಮನೆ ವಸತಿಯೇ ಎಂದು ಪಾಲಿಕೆ ಬರೆದುಕೊಟ್ಟ ಕಾಗದ ಬೆಸ್ಕಾಂ ಕಚೇರಿಯ ಮುಂದೆ ಆಕೆಗೆ ಒಂದು ಆಸರೆಯಾಗುತ್ತದೆ. ನಮ್ಮ ಬಡಾವಣೆಗಳಲ್ಲಿ ವಕೀಲರು ಮನೆಯ ಮುಂದಿನ ಕೋಣೆಯಲ್ಲಿ ಕಕ್ಷಿದಾರರನ್ನು ಕಾಣುತ್ತಾರೆ, ಮೇಷ್ಟರು ಹದಿನೈದು ಹುಡುಗರಿಗೆ ಟ್ಯೂಷನ್ ಹೇಳುತ್ತಾರೆ. ಅವು ಮನೆಗಳಾಗಿಯೇ ಉಳಿದಿವೆ. ಏಳರಿಂದ ಹದಿನೈದು ಮಕ್ಕಳಿದ್ದರೆ ಪರವಾನಗಿ ಇರಲಿ, ಶುಲ್ಕ ಹಗುರವಾಗಿರಲಿ, ಪರಿಶೀಲನೆ ಬಿಗಿಯಾಗಿರಲಿ. ಹದಿನೈದು ದಾಟಿದರೆ ಅದು ಮನೆಯಲ್ಲ, ಸಂಸ್ಥೆ. ಅದಕ್ಕೆ ಬೇರೆ ಕಟ್ಟಡ, ಬೇರೆ ನಿಯಮ ಬೇಕು. ವಾಸದ ಓಣಿಯಲ್ಲಿ ಅದಕ್ಕೆ ಅವಕಾಶ ಕೊಡಬಾರದು ಎಂಬುದರಲ್ಲಿ ಆಕ್ಷೇಪ ಎತ್ತಿದ ನೆರೆಯವರ ಪಕ್ಷವೇ ನನ್ನದು.

ಎಷ್ಟು ಮಕ್ಕಳಿಗೆ ಎಷ್ಟು ಕೈ ಎಂಬುದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೇಂದ್ರ ಸರ್ಕಾರದ ಶಿಶುಪಾಲನಾ ಯೋಜನೆ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂಬ ಲೆಕ್ಕದಲ್ಲಿ ನಡೆದುಕೊಂಡು ಬಂದಿದೆ. ನಾಲ್ಕೈದು ವರ್ಷದ ಮಕ್ಕಳಾದರೆ ಅದು ಹೇಗೋ ನಡೆಯುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ನಡೆಯುವುದಿಲ್ಲ ಎಂದು ನಾನು ಅನುಭವದಿಂದ ಹೇಳಬಲ್ಲೆ. ಒಂದು ವರ್ಷದ ಮಗುವಿಗೆ ಉಣ್ಣಿಸಲು ಅರ್ಧ ಗಂಟೆ ಬೇಕು. ಅದು ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಕೂರುತ್ತದೆ, ಅವಸರ ಮಾಡಿದರೆ ನೆತ್ತಿಗೇರುತ್ತದೆ. ಉಣ್ಣಿಸಿ, ತೊಳೆಸಿ, ಮಲಗಿಸುವ ಕೆಲಸವನ್ನು ಒಬ್ಬರು ಮೂರು ಮಕ್ಕಳಿಗೆ ಮಾಡಿದರೆ ಬೆಳಗು ಹೋಗಿ ಮಧ್ಯಾಹ್ನವಾಗಿರುತ್ತದೆ. ಹಾಗಾಗಿ ಎರಡು ವರ್ಷದೊಳಗಿನ ಮಕ್ಕಳು ಒಬ್ಬರ ಕೈಗೆ ಮೂರಕ್ಕಿಂತ ಹೆಚ್ಚು ಇರಬಾರದು. ಮನೆಯಲ್ಲಿ ಯಾವಾಗಲೂ ಇಬ್ಬರು ವಯಸ್ಕರು ಇರಬೇಕು, ಏಕೆಂದರೆ ಒಂದು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಉಳಿದವರ ಬಳಿ ಒಬ್ಬರು ನಿಲ್ಲಬೇಕು. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಮೊದಲೇ ಕಾನೂನಿನ ಪ್ರಕಾರ ಅಪರಾಧ. ಮಗುವನ್ನು ನೋಡಿಕೊಳ್ಳಲು 18 ತುಂಬಿದವರೇ ಬೇಕೆಂದು ನಮ್ಮ ನಿಯಮ ಸ್ಪಷ್ಟವಾಗಿ ಹೇಳಲಿ.

ಸಂಪಿನ ವಿಷಯವನ್ನು ನಾನು ಬಿಡುವುದಿಲ್ಲ. ನಮ್ಮೂರಲ್ಲಿ ನಲ್ಲಿಯ ನೀರು ದಿನದ ಇಪ್ಪತ್ನಾಲ್ಕು ಗಂಟೆ ನೆಚ್ಚಿಕೊಳ್ಳುವಂಥದ್ದಾಗಿರಲಿಲ್ಲವಾದ್ದರಿಂದ ಮನೆ ಕಟ್ಟುವವರೆಲ್ಲ ಮೊದಲು ಸಂಪು ತೋಡಿಸಿದರು. ಅದು ಇರುವುದು ಪೋರ್ಟಿಕೊದಲ್ಲಿ ಅಥವಾ ಹಿತ್ತಲ ಬಾಗಿಲ ಬಳಿ. ಮಗು ಆಡುವುದೂ ಅಲ್ಲೇ. ತಗಡಿನ ಮುಚ್ಚಳ ತುಕ್ಕು ಹಿಡಿದು ಮೂಲೆ ಮುರಿದಿರುತ್ತದೆ, ಮೋಟರು ಹಾಕಲು ಬಂದವರು ತೆರೆದು ಹಾಗೇ ಬಿಟ್ಟಿರುತ್ತಾರೆ. ಆಳದ ಸಂಪೇ ಬೇಕೆಂದೂ ಇಲ್ಲ: ಆಗತಾನೆ ನಿಂತು ನಡೆಯಲು ಕಲಿತ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ; ಬಕೆಟ್ಟಿಗೆ ಬಗ್ಗಿ ಮುಗ್ಗರಿಸಿದರೆ ಗೇಣುದ್ದದ ನೀರಿನಿಂದಲೂ ಮೇಲೇಳಲಾರದು, ಕೂಗಲೂ ಆರದು. ಆದ್ದರಿಂದ ನೋಂದಣಿಗೆ ಮೊದಲು ಬಂದು ನೋಡುವವರು ಬೇರೇನನ್ನು ನೋಡದಿದ್ದರೂ ನಾಲ್ಕನ್ನು ಕೈಯಿಂದ ಮುಟ್ಟಿ ನೋಡಲಿ: ಸಂಪಿನ ಮುಚ್ಚಳ ಮತ್ತು ಬೀಗ, ಬಚ್ಚಲ ಬಾಗಿಲಿನ ಎತ್ತರದ ಚಿಲಕ, ಗ್ಯಾಸ್ ಸಿಲಿಂಡರು ಮತ್ತು ಒಲೆ ಮಗುವಿನ ಕೈಗೆ ಸಿಗದ ಜಾಗ, ಮಹಡಿ ಮೆಟ್ಟಿಲಿನ ಗೇಟು. ಮಕ್ಕಳು ನೆಲ ಅಂತಸ್ತಿನಲ್ಲೇ ಇರಬೇಕು. ಗೋಡೆಯ ಬಣ್ಣ, ಆಟಿಕೆಗಳ ಸಂಖ್ಯೆ, ಫೋಟೋಗಳಿಗೆ ಅಂಕ ಕೊಡುವುದು ಬೇಡ. ತೋರಿಕೆಗೆ ಅಂಕ ಕೊಟ್ಟರೆ ಏನಾಗುತ್ತದೆಂದು ನಾನು ಇಲಾಖೆಯಲ್ಲಿದ್ದಾಗ ಕಂಡಿದ್ದೇನೆ: ಗೋಡೆಯ ಮೇಲೆ ಗಿಳಿ ಬರೆಸುತ್ತಾರೆ, ಬಚ್ಚಲ ಚಿಲಕ ಹಾಗೇ ಉಳಿಯುತ್ತದೆ.

ಆ ಮನೆಯಲ್ಲಿ ವಾಸವಿರುವ ಎಲ್ಲ ವಯಸ್ಕರ ಬಗ್ಗೆಯೂ, ಗಂಡಸರನ್ನೂ ಸೇರಿಸಿ, ಪೊಲೀಸ್ ಪರಿಶೀಲನಾ ಪತ್ರ ಇರಬೇಕು. ತಂದೆತಾಯಿಗಳು ಹೇಳದೆ ಕೇಳದೆ ಯಾವ ಹೊತ್ತಿನಲ್ಲಿ ಬಂದರೂ ಬಾಗಿಲು ತೆರೆಯಬೇಕು, ಮಗು ಇರುವ ಕೋಣೆಯ ತನಕ ಹೋಗಲು ಬಿಡಬೇಕು. ಇದನ್ನು ಒಪ್ಪದ ಮನೆಗೆ ನೋಂದಣಿ ಬೇಡ. ಔಷಧಿಯನ್ನು ತಾಯಿ ಬರೆದುಕೊಟ್ಟ ಚೀಟಿಯಿಲ್ಲದೆ ಕೊಡಬಾರದು. ನಾನು ಹೇಳಿದ ನೋಟ್‌ಬುಕ್ಕಿನಂಥದ್ದೇ ಒಂದು ಪುಸ್ತಕವನ್ನು ಪಾಲಿಕೆಯೇ ಅಚ್ಚು ಹಾಕಿಸಿ ಕೊಡಲಿ. ಹೆಚ್ಚು ಅಂಕಣಗಳು ಬೇಡ. ಮಗು ಯಾವಾಗ ಬಂತು, ಯಾರು ಬಿಟ್ಟರು, ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಯಾರು ಕರೆದೊಯ್ದರು ಎಂಬುದು ಸಾಕು. ಎಷ್ಟು ಹೊತ್ತು ಮಲಗಿತು ಎಂಬ ಒಂದು ಸಾಲಿನಿಂದಲೇ ಬಲ್ಲವರಿಗೆ ಎಷ್ಟೋ ತಿಳಿಯುತ್ತದೆ.

ನೆರೆಹೊರೆಯವರ ಮಾತಿಗೆ ಬೆಲೆ ಇರಬೇಕು, ಆದರೆ ಅವರ ಮಾತೇ ತೀರ್ಪಾಗಬಾರದು. ನೋಂದಣಿಗೆ ಅವರ ಒಪ್ಪಿಗೆ ಪತ್ರ ಕೇಳಬೇಡಿ; ಕೇಳಿದರೆ ಹತ್ತು ವರ್ಷದ ಹಿಂದಿನ ಗೋಡೆ ಜಗಳವೂ ಮಗುವಿನ ಮೇಲೆ ಬರುತ್ತದೆ. ಬೆಳಿಗ್ಗೆ ಗೇಟಿನ ಮುಂದೆ ವಾಹನ ಅಡ್ಡ ನಿಂತರೆ, ಚರಂಡಿಗೆ ಡೈಪರ್ ಎಸೆದರೆ, ರಾತ್ರಿಯವರೆಗೂ ಮಕ್ಕಳನ್ನು ಇಟ್ಟುಕೊಂಡರೆ ಅವು ಸರಿಯಾದ ದೂರುಗಳು, ಅವಕ್ಕೆ ಪರಿಹಾರವೂ ಇದೆ. ಮಕ್ಕಳನ್ನು ಬಿಡುವ ಹೊತ್ತನ್ನು ಕಾಲು ಗಂಟೆ ಅಂತರದಲ್ಲಿ ಹಂಚಬಹುದು. ಡೈಪರನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸದ ಗಾಡಿಗೆ ಕೊಡಬೇಕೆಂದು ಘನತ್ಯಾಜ್ಯ ನಿಯಮವೇ ಹೇಳುತ್ತದೆ. ಮಗು ಅತ್ತಿತು ಎಂಬುದಷ್ಟೇ ದೂರಾದರೆ ಅದನ್ನು ಸ್ವೀಕರಿಸಬಾರದು. ದೂರು ಲಿಖಿತವಾಗಿರಲಿ, ಹದಿನೈದು ದಿನದಲ್ಲಿ ಇಬ್ಬರನ್ನೂ ಕೂರಿಸಿ ಕೇಳಲಿ. ಮಕ್ಕಳ ಜೀವಕ್ಕೆ ಅಪಾಯವಿದ್ದರೆ ಅದೇ ದಿನ ಮುಚ್ಚಿಸಿ. ಉಳಿದ ಕಾರಣಗಳಿಗೆ ಮುಚ್ಚಬೇಕಾಗಿ ಬಂದರೆ ತಾಯಂದಿರಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಒಂದು ತಿಂಗಳು ಕೊಡಿ. ಆ ಹದಿನಾಲ್ಕು ತಿಂಗಳ ಮನೆ ಮುಚ್ಚಿದಾಗ ಆರು ತಾಯಂದಿರಲ್ಲಿ ಇಬ್ಬರು ಕೆಲಸ ಬಿಟ್ಟರು. ಒಬ್ಬರು ನಾಲ್ಕು ವರ್ಷದ ದೊಡ್ಡ ಮಗುವಿನ ಜೊತೆ ಚಿಕ್ಕದನ್ನು ತವರಿಗೆ, ಜಗಳೂರಿನ ಹತ್ತಿರದ ಹಳ್ಳಿಗೆ ಕಳಿಸಿ, ವಾರಕ್ಕೊಮ್ಮೆ ಹೋಗಿ ನೋಡಿಬರುತ್ತಿದ್ದಾರೆ.

ಪರಿಶೀಲಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಪಾಲಿಕೆಯ ಆರೋಗ್ಯ ನಿರೀಕ್ಷಕರ ಜೊತೆ ಅಂಗನವಾಡಿ ಮೇಲ್ವಿಚಾರಕಿಯೊಬ್ಬರು ವರ್ಷಕ್ಕೆ ಎರಡು ಸಲ ಮುನ್ಸೂಚನೆಯಿಲ್ಲದೆ ಹೋಗಬೇಕು. ಒಬ್ಬೊಬ್ಬ ಮೇಲ್ವಿಚಾರಕಿಯ ಕೆಳಗೆ ಇಪ್ಪತ್ತೈದರ ಸುಮಾರು ಕೇಂದ್ರಗಳಿವೆ, ಸಮೀಕ್ಷೆಗಳ ಹೊರೆ ಬೇರೆ. ಆ ಕಷ್ಟ ನಾನು ಉಂಡದ್ದೇ. ಹಾಗಾಗಿ ನಿವೃತ್ತರಾದ ಮೇಲ್ವಿಚಾರಕಿಯರು, ಶುಶ್ರೂಷಕಿಯರು, ಶಿಕ್ಷಕಿಯರನ್ನು ವಾರ್ಡಿಗಿಬ್ಬರಂತೆ ಗೌರವ ಸೇವೆಗೆ ತೆಗೆದುಕೊಳ್ಳಬಹುದು. ಪಾಲಿಕೆಯ 45 ವಾರ್ಡುಗಳಿಗೆ ತೊಂಬತ್ತು ಜನ ಬೇಕು. ದಾವಣಗೆರೆಯಂಥ ಊರಿನಲ್ಲಿ ಅಷ್ಟು ಜನ ಸಿಗುವುದಿಲ್ಲ ಎಂದು ನಾನು ನಂಬುವುದಿಲ್ಲ. ಮೊದಲ ಒಂದು ವರ್ಷ ದಂಡ ಬೇಡ. ಬಂದು ಹೆಸರು ಬರೆಸಿದವರಿಗೆ ಬೀಗ, ಚಿಲಕ ಸರಿಮಾಡಿಕೊಳ್ಳಲು ಮೂರು ತಿಂಗಳ ಗಡುವು ಕೊಡಿ. ಮಗುವಿನ ಗಂಟಲಿಗೆ ಶೇಂಗಾ ಸಿಕ್ಕಿಕೊಂಡಾಗ ಏನು ಮಾಡಬೇಕೆಂಬ ಪ್ರಥಮ ಚಿಕಿತ್ಸೆಯನ್ನು ಒಂದು ದಿನ ಕೂರಿಸಿ ಕಲಿಸಿ. ವೈದ್ಯಕೀಯ ಕಾಲೇಜುಗಳಿರುವ ಊರಿಗೆ ಇದು ದೊಡ್ಡ ಮಾತಲ್ಲ. ಬಡಾವಣೆಗಳ ನಕ್ಷೆ ಮಂಜೂರು ಮಾಡುವ ನಗರಾಭಿವೃದ್ಧಿ ಪ್ರಾಧಿಕಾರದವರೂ (ದೂಡಾ) ಈ ಮಾತುಕತೆಯಲ್ಲಿ ಇರಬೇಕು. ವಸತಿ ವಲಯದಲ್ಲಿ ಏನು ನಡೆಯಬಹುದು ಎಂಬುದು ಅವರ ನಿಯಮಗಳಿಗೂ ಸೇರಿದ ವಿಷಯ.

ಹೊತ್ತಿನ ಬಗ್ಗೆ ಒಂದು ಮಾತು. ಒಂಬತ್ತರಿಂದ ಐದರವರೆಗೆ ಮಾತ್ರ ಎಂದು ನಿಯಮ ಬರೆದುಬಿಟ್ಟರೆ ಅದು ಕಚೇರಿಗೆ ಹೋಗುವವರಿಗಷ್ಟೇ ಆಗುತ್ತದೆ. ತಮ್ಮದೇ ಪಾಲಿಕೆಯ ಪೌರಕಾರ್ಮಿಕ ಹೆಣ್ಣುಮಕ್ಕಳು ನಾವೆಲ್ಲ ಏಳುವ ಮುಂಚೆ ಪೊರಕೆ ಹಿಡಿದು ರಸ್ತೆಯಲ್ಲಿರುತ್ತಾರೆ. ನಮ್ಮ ಬೀದಿ ಗುಡಿಸಲು ಬರುವ ತಾಯಿಯೊಬ್ಬರು ಚಳಿಗಾಲದಲ್ಲಿ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ದೊಡ್ಡ ಮಗುವಿನ ತೊಡೆಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದುದನ್ನು ಕಂಡಿದ್ದೇನೆ. ಬೆಳಗಿನ ಐದೂವರೆಗೆ ಬಾಗಿಲು ತೆರೆಯಲು ಒಪ್ಪುವ ಮನೆಗಳಿಗೆ ಪಾಲಿಕೆಯೇ ತನ್ನ ಕಾರ್ಮಿಕರ ಮಕ್ಕಳ ಹಣವನ್ನು ಕಟ್ಟುವುದಾದರೆ, ಈ ನಿಯಮ ಕಾಗದದ ಮೇಲೆ ಉಳಿಯದೆ ಮೊದಲ ತಿಂಗಳಿಂದಲೇ ನಡೆಯತೊಡಗುತ್ತದೆ. ಬೇರೆ ಯಾವ ಕೋರಿಕೆಗೆ ಕಾಲ ಹಿಡಿದರೂ ಇದನ್ನು ತಾವು ಈ ಆಯವ್ಯಯದಲ್ಲೇ ಸೇರಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಈ ಕರಡನ್ನು ಚರ್ಚಿಸಲು ತಾವು ಒಂದು ದಿನ ಗೊತ್ತುಮಾಡಿ ಈ ಕೆಲಸ ಮಾಡುವ ಹೆಂಗಸರನ್ನು, ತಾಯಂದಿರನ್ನು, ನೆರೆಹೊರೆಯವರನ್ನು ಕರೆಯಿರಿ. ಬಂದವರ ಮೇಲೆ ಕ್ರಮ ಕೈಗೊಳ್ಳುವುದಿಲ್ಲ ಎಂಬ ಮಾತನ್ನು ಸೂಚನಾ ಪತ್ರದಲ್ಲೇ ಬರೆಯಿಸಿ. ಇಲ್ಲದಿದ್ದರೆ ಅವರು ಬರುವುದಿಲ್ಲ. ಸಭೆಯನ್ನು ಭಾನುವಾರ ಇಟ್ಟರೆ ಒಳ್ಳೆಯದು, ಉಳಿದ ದಿನ ಅವರ ಮಡಿಲಲ್ಲಿ ನಮ್ಮ ಮಕ್ಕಳಿರುತ್ತಾರೆ. ಆ ನೋಟ್‌ಬುಕ್ ಈಗ ನನ್ನ ಬಳಿಯಿದೆ. ಮನೆ ಖಾಲಿ ಮಾಡುವ ದಿನ ಆಕೆ ಅದನ್ನು ಕೊಟ್ಟು, ‘ನಿಮ್ಮ ಮೊಮ್ಮಗಳದ್ದು ಎಲ್ಲಾ ಇದ್ರಾಗೈತಿ ಅಮ್ಮಾರ’ ಎಂದು ಹೇಳಿಹೋದರು. ಮಕ್ಕಳ ಹೆಸರುಗಳ ಮೇಲೆ ಕಾಗದ ಅಂಟಿಸಿ ಅದನ್ನು ಸಭೆಗೆ ತರುತ್ತೇನೆ. ಪಾಲಿಕೆ ಅಚ್ಚು ಹಾಕಿಸುವ ಪುಸ್ತಕಕ್ಕೆ ಮಾದರಿಯಾಗಿ ತಾವು ಅದನ್ನು ನೋಡಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ವಿದ್ಯಾನಗರ, ದಾವಣಗೆರೆ

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ, ಆಯುಕ್ತರು, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಉಪ ನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ದಾವಣಗೆರೆ.